ಎರಡು ಗೆರೆಗಳ ನಡುವಿನ ಐದು ಮೀಟರ್

ಕಲಬುರಗಿಯಲ್ಲಿ ನಡೆದ ನಾಗರಿಕರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪವಿದು. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಕಳೆದ ತೊಗರಿ ಸುಗ್ಗಿಯಲ್ಲಿ ಒಂದು ಶನಿವಾರ ಮಧ್ಯಾಹ್ನ ನಾನು ನೆಹರೂ ಗಂಜ್‌ನಲ್ಲಿ ಲಾರಿಯೊಂದರ ಚಾಲಕನ ಸೀಟು ಹತ್ತಿ ಕುಳಿತಿದ್ದೆ. ಚೀಲಗಳನ್ನು ಇಳಿಸಿ ಮುಗಿದಿತ್ತು. ಚಾಲಕರು ಬಸವಕಲ್ಯಾಣದ ಕಡೆಯವರು. ಹತ್ತು ನಿಮಿಷ ನಿಮ್ಮ ಸೀಟಿನಲ್ಲಿ ಕುಳಿತು ರಸ್ತೆ ನೋಡಬೇಕು ಎಂದು ಕೇಳಿದಾಗ ಕಾರಣವನ್ನೂ ಕೇಳದೆ ಒಪ್ಪಿದರು. ಹಮಾಲಿ ಮಾಡುವ ಅಪ್ಪನಿಗೆ ಬುತ್ತಿ ತಂದಿದ್ದ ಹುಡುಗನೊಬ್ಬ ಅಲ್ಲೇ ಇದ್ದ. ಏಳನೇ ತರಗತಿ, ಮೈಮೇಲೆ ಇನ್ನೂ ಶಾಲೆಯ ಸಮವಸ್ತ್ರ. ಸೈಕಲ್ಲನ್ನು ಹಿಡಿದುಕೊಂಡು ಲಾರಿಯ ಮುಂದೆ, ಬಂಪರಿಗೆ ತಾಗುವಂತೆ ನಿಂತುಕೋ ಎಂದು ಅವನಿಗೆ ಹೇಳಿದೆ.

ಗಾಜಿನಾಚೆ ಗೋದಾಮುಗಳ ತಗಡಿನ ಸೂರು ಕಾಣುತ್ತಿತ್ತು. ತೂಕದ ಕಟ್ಟೆ ಕಾಣುತ್ತಿತ್ತು. ತೊಗರಿ ರಾಶಿಯ ಮೇಲೆ ಇಳಿದ ಪಾರಿವಾಳಗಳು ಕಾಣುತ್ತಿದ್ದವು. ಹುಡುಗ ಕಾಣಲಿಲ್ಲ. ಸೈಕಲ್ಲೂ ಕಾಣಲಿಲ್ಲ. "ಇದ್ದೀಯೇನಪ್ಪಾ?" ಎಂದೆ. "ಇಲ್ಲೇ ಇದ್ದೇನೆ ಸರ್" ಎಂಬ ದನಿ ನೆಲದಿಂದ ಬಂದಂತೆ ಬಂತು. ಒಂದು ಹೆಜ್ಜೆ ಮುಂದೆ ಹೋಗು ಎಂದೆ. ಕೂದಲು ಕಂಡಿತು. ಇನ್ನೊಂದು ಹೆಜ್ಜೆಗೆ ಹಣೆ. ಮೂರನೆಯದಕ್ಕೆ ಇಡೀ ಮುಖ, ನಾಲ್ಕನೆಯದಕ್ಕೆ ಸೈಕಲ್ಲಿನ ಹ್ಯಾಂಡಲ್. ಆಮೇಲೆ ಅವನನ್ನು ಎಡಗಡೆಯ ಬಾಗಿಲಿಗೆ ಒತ್ತಿ ನಿಲ್ಲಿಸಿದೆ. ಕನ್ನಡಿಯಲ್ಲಿ ಲಾರಿಯ ಹಲಗೆಗಳು ಕಂಡವು, ಹಿಂದಿನ ದಾರಿ ಕಂಡಿತು. ಬಾಗಿಲಿಗೆ ಆತುಕೊಂಡಿದ್ದ ಹುಡುಗ ಎಲ್ಲಿಯೂ ಇಲ್ಲ. ಕೆಳಗೆ ನಿಂತಿದ್ದ ಚಾಲಕರು, "ಅದಕ್ಕೇ ಸರ್ ಕ್ಲೀನರ್ ಇರುವುದು. ಬಲಗಡೆ ನನ್ನ ಕಣ್ಣು, ಎಡಗಡೆ ಅವನ ಕಣ್ಣು" ಎಂದರು. ಅಂದು ಅವರ ಜೊತೆ ಕ್ಲೀನರ್ ಇರಲಿಲ್ಲ.

ಇಂದು ನಾನು ಮಾತನಾಡಲು ಬಂದಿರುವುದು ಆ ಮೂರು ನಾಲ್ಕು ಹೆಜ್ಜೆಗಳ ಬಗ್ಗೆಯೇ. ಸಿಗ್ನಲ್‌ನಲ್ಲಿ ಸೈಕಲ್ ಸವಾರನಿಗೆ ಆ ಹೆಜ್ಜೆಗಳಷ್ಟು ಜಾಗವನ್ನು ಮುಂದೆ ಬಿಟ್ಟುಕೊಡುವ ಒಂದು ಪದ್ಧತಿ ಇದೆ. ಅದು ಇರುವ ಊರುಗಳಲ್ಲಿ ಮೋಟಾರು ವಾಹನಗಳು ಆ ಜಾಗದಲ್ಲಿ ಬಂದು ನಿಲ್ಲುತ್ತವೆ. ಇಲ್ಲದ ನಮ್ಮ ಊರಿನಲ್ಲಿ, ಬರುವ ಮೊದಲೇ ಅದು ತುಂಬಿಹೋಗಿದೆ.

ಆ ಪದ್ಧತಿಯನ್ನು ನಾನು ಕಣ್ಣಾರೆ ಕಂಡದ್ದು ಆಕ್ಸ್‌ಫರ್ಡ್‌ನಲ್ಲಿ, ಮಗಳ ಮನೆಗೆ ಹೋಗಿದ್ದಾಗ. ಬ್ರಿಟನ್ನಿನಲ್ಲಿ ಅದು ಮೊದಲು ಬಂದದ್ದೂ ಅದೇ ಊರಿಗೆ, 1984ರಲ್ಲಿ. ಸಿಗ್ನಲ್ ಇರುವ ಕೂಡುರಸ್ತೆಯಲ್ಲಿ ಒಂದರ ಬದಲು ಎರಡು ನಿಲುಗಡೆ ಗೆರೆಗಳು. ಹಿಂದಿನ ಗೆರೆ ಕಾರು, ಬಸ್ಸು, ಲಾರಿ, ಬೈಕುಗಳಿಗೆ. ಮುಂದಿನದು ಸೈಕಲ್ಲಿಗೆ. ನಡುವೆ ಸೈಕಲ್ ಚಿತ್ರ ಬರೆದ ಚೌಕ. ಕೆಲವು ಕಡೆ ಅದಕ್ಕೆ ಬಣ್ಣವನ್ನೂ ಹಚ್ಚಿರುತ್ತಾರೆ. ಆಳ ಸಾಮಾನ್ಯವಾಗಿ ನಾಲ್ಕೈದು ಮೀಟರ್. 2016ರ ನಿಯಮಗಳ ಪ್ರಕಾರ ಏಳೂವರೆ ಮೀಟರ್‌ವರೆಗೂ ಇರಬಹುದು. ನೆದರ್‌ಲ್ಯಾಂಡ್ಸ್‌ನಲ್ಲೂ ಇಂಥ ಚೌಕಗಳಿವೆ. ಅಮೆರಿಕದ ಪೋರ್ಟ್‌ಲ್ಯಾಂಡ್ ನಗರ 2007ರ ಅಕ್ಟೋಬರ್‌ನಲ್ಲಿ, ತಿರುಗುತ್ತಿದ್ದ ಲಾರಿಗಳಿಗೆ ಸಿಕ್ಕಿ ಇಬ್ಬರು ಸೈಕಲ್ ಸವಾರರು ಸತ್ತ ಮೇಲೆ, ಮರುವರ್ಷವೇ ಹಸಿರು ಬಣ್ಣದ ಚೌಕಗಳನ್ನು ಬರೆಯಿತು.

ಸೈಕಲ್ಲಿನವರಿಗೆ ಇದೆಂಥ ವಿಶೇಷ ಮರ್ಯಾದೆ ಎಂದು ಕೆಲವರಿಗೆ ಅನ್ನಿಸುತ್ತದೆ. ಮೊದಲು ನನಗೂ ಹಾಗೆಯೇ ಅನ್ನಿಸಿತ್ತು. ಚೌಕದಲ್ಲಿ ನಾನೇ ನಾಲ್ಕು ದಿನ ನಿಂತ ಮೇಲೆ ಅರ್ಥವಾಯಿತು: ಅದು ಕಾಣಿಸಿಕೊಳ್ಳುವ ಜಾಗ. ಗಂಜಿನ ಹುಡುಗನ ಮೂರನೇ ಹೆಜ್ಜೆ ಯಾವುದೋ ಅದು. ಹಿಂದಿನ ಚಾಲಕ ಎಷ್ಟೇ ಎತ್ತರದಲ್ಲಿ ಕುಳಿತಿರಲಿ, ನನ್ನ ಬೆನ್ನು ಅವನ ಗಾಜಿನ ನಟ್ಟನಡುವೆ ಇರುತ್ತದೆ.

ಸ್ವಲ್ಪ ಭೌತವಿಜ್ಞಾನ ಹೇಳುತ್ತೇನೆ, ಮೂವತ್ತನಾಲ್ಕು ವರ್ಷ ಅದನ್ನೇ ಪಾಠ ಮಾಡಿದವನು. ಓಡುತ್ತಿರುವ ಸೈಕಲ್ ತಾನಾಗಿಯೇ ನೆಟ್ಟಗಿರುತ್ತದೆ. ನಿಂತ ಸೈಕಲ್ ಹೊರಡುವಾಗ ಹಾಗಲ್ಲ. ಒಂದು ಕಾಲು ನೆಲದಲ್ಲಿ, ಇನ್ನೊಂದು ಪೆಡಲಿನ ಮೇಲೆ. ಒತ್ತಿದ ಕೂಡಲೇ ವಾಲುತ್ತದೆ; ವಾಲಿದ ಕಡೆಗೇ ಹ್ಯಾಂಡಲ್ ತಿರುಗಿಸಿ ಎತ್ತಿಕೊಳ್ಳಬೇಕು, ಆಗ ಇನ್ನೊಂದು ಕಡೆಗೆ ವಾಲುತ್ತದೆ. ಮೊದಲ ಎರಡು ಮೂರು ಸೆಕೆಂಡುಗಳಲ್ಲಿ ಚಕ್ರ ಎಳೆಯುವುದು ಹಾವಿನ ಜಾಡು. ಕ್ಯಾರಿಯರ್ ಮೇಲೆ ಹಾಲಿನ ಕ್ಯಾನೋ, ಮಗುವೋ, ಜೋಳದ ಹಿಟ್ಟಿನ ಡಬ್ಬಿಯೋ ಇದ್ದರೆ ಜಾಡು ಇನ್ನೂ ಅಗಲ. ಅದೇ ಎರಡು ಮೂರು ಸೆಕೆಂಡುಗಳಲ್ಲಿ ಪಕ್ಕದ ಬೈಕು ರಸ್ತೆಯನ್ನೇ ದಾಟಿರುತ್ತದೆ. ಆ ಹೊತ್ತಿನಲ್ಲಿ ಸೈಕಲ್ಲಿಗೆ ಎರಡೂ ಬದಿಯಲ್ಲಿ ಒಂದು ಮೊಳ ಬಯಲು ಬೇಕು. ಚೌಕ ಕೊಡುವುದು ಅದನ್ನೇ.

ಇನ್ನೊಂದು ವಿಷಯ ಎಡ ತಿರುವು. ಉದ್ದನೆಯ ಬಸ್ಸು ಎಡಕ್ಕೆ ತಿರುಗುವಾಗ ಹಿಂದಿನ ಚಕ್ರ ಮುಂದಿನ ಚಕ್ರದ ಜಾಡಿನಲ್ಲಿ ಬರುವುದಿಲ್ಲ, ಒಳಗಡೆಗೆ ಕತ್ತರಿಸಿಕೊಂಡು ಬರುತ್ತದೆ. ಅಫಜಲಪುರ, ಆಳಂದ ಕಡೆ ಕಬ್ಬಿನ ಟ್ರಾಲಿ ಎಳೆಯುವ ಟ್ರ್ಯಾಕ್ಟರ್ ಚಾಲಕರನ್ನು ಕೇಳಿ, ತಿರುವಿನ ಕಲ್ಲು ಎಷ್ಟು ಸಲ ಟ್ರಾಲಿಯ ಗಾಲಿಗೆ ಸಿಕ್ಕಿದೆ ಎಂದು ಹೇಳುತ್ತಾರೆ. ಸಿಗ್ನಲ್‌ನಲ್ಲಿ ಬಸ್ಸಿನ ಎಡ ಮಗ್ಗುಲಲ್ಲಿ ನಿಂತ ಸೈಕಲ್ ಸವಾರ ಆ ಕಲ್ಲಿನ ಜಾಗದಲ್ಲಿರುತ್ತಾನೆ. ಬ್ರಿಟನ್ನಿನವರೂ ನಮ್ಮಂತೆ ರಸ್ತೆಯ ಎಡಕ್ಕೇ ಓಡಿಸುವವರು, ಆದ್ದರಿಂದ ಅವರ ಅಪಾಯದ ಚಿತ್ರ ನಮಗೆ ಹಾಗೆಯೇ ಹೊಂದುತ್ತದೆ.

ಈಗ ಆ ಚೌಕದಲ್ಲಿ ಕಾರೊಂದು ಬಂದು ನಿಂತಿತು ಎನ್ನೋಣ. ಏನಾಗುತ್ತದೆ? ಆಕ್ಸ್‌ಫರ್ಡ್‌ನಲ್ಲಿ ಒಂದು ಮಳೆಯ ಸಂಜೆ ನೋಡಿದ್ದನ್ನು ಹೇಳುತ್ತೇನೆ. ಸಾಮಾನು ತಲುಪಿಸುವ ಬಿಳಿ ವ್ಯಾನೊಂದು ಮೊದಲ ಗೆರೆ ದಾಟಿ ಚೌಕದ ಪೂರ್ತಿ ಬಂದು ನಿಂತಿತ್ತು. ಹಿಂದೆ ಬಸ್ಸು. ಹಿಂದಿನ ಸೀಟಿನಲ್ಲಿ ಮಗುವನ್ನು ಕೂರಿಸಿಕೊಂಡ ತಾಯಿಯೊಬ್ಬಳು ಬಸ್ಸಿನ ಎಡಗಡೆಯಿಂದ, ಸೈಕಲ್ಲಿಗೆಂದು ಬರೆದ ಕಿರುದಾರಿಯಲ್ಲೇ, ಚೌಕದತ್ತ ಬಂದಳು. ಚೌಕದಲ್ಲಿ ಜಾಗವಿಲ್ಲ. ಹಿಂದಕ್ಕೆ ಹೋಗುವಂತಿಲ್ಲ, ಹಿಂದೆ ಇನ್ನಿಬ್ಬರು ಸೈಕಲ್ಲಿನವರು ನಿಂತಾಗಿತ್ತು. ಬಸ್ಸಿನ ಮುಂದಿನ ಚಕ್ರಕ್ಕೂ ಕಾಲುದಾರಿಯ ಅಂಚಿಗೂ ನಡುವೆ ಉಳಿದ ಸಂದಿಯಲ್ಲಿ ನಿಂತಳು. ಮಗು ಮಳೆಹನಿ ಹಿಡಿಯಲು ಕೈ ಚಾಚಿತ್ತು, ಅದರ ಬೆರಳುಗಳಿಗೂ ಬಸ್ಸಿನ ತಗಡಿಗೂ ಒಂದು ಗೇಣು. ತಾಯಿ ಕೈಯನ್ನು ಹಿಂದಕ್ಕೆ ಚಾಚಿ ಆ ಪುಟ್ಟ ಕೈಯನ್ನು ಹುಡುಕಿ ಒಳಗೆ ಎಳೆದುಕೊಂಡಳು. ಹಸಿರು ಬಂತು, ವ್ಯಾನು ಹೋಯಿತು, ಬಸ್ಸಿನ ಚಾಲಕ ಪುಣ್ಯಕ್ಕೆ ಅವಳನ್ನು ನೋಡಿದ್ದ. ಏನೂ ಆಗಲಿಲ್ಲ. ವ್ಯಾನಿನವನಿಗೆ ತಾನು ಏನು ಮಾಡಿದೆನೆಂಬುದು ಇಂದಿಗೂ ಗೊತ್ತಿರಲಾರದು.

ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇದು. ಚೌಕದಲ್ಲಿ ಬಂದು ನಿಲ್ಲುವವನು ಯಾರಿಗೂ ಡಿಕ್ಕಿ ಹೊಡೆಯುವುದಿಲ್ಲ. ತಾನು ಎರಡು ಮಾರು ಮುಂದೆ ಬಂದೆ, ಅಷ್ಟೇ ತಾನೆ ಎಂದುಕೊಳ್ಳುತ್ತಾನೆ. ಆದರೆ ಅವನು ಅಲ್ಲಿ ನಿಂತದ್ದರಿಂದ ಸೈಕಲ್ಲಿನವನು ಕಾಣುವ ಜಾಗದಿಂದ ಕಾಣದ ಜಾಗಕ್ಕೆ, ಬೇರೊಬ್ಬ ಚಾಲಕನ ಬಾಗಿಲ ಬುಡಕ್ಕೆ, ಸರಿದುಹೋಗುತ್ತಾನೆ. ತಪ್ಪು ಒಬ್ಬನದು, ಅಪಾಯ ಇನ್ನೊಬ್ಬನಿಗೆ, ಅಪವಾದ ಮೂರನೆಯವನ ತಲೆಗೆ.

ಬ್ರಿಟನ್ನಿನ ನಿಯಮ ಸ್ಪಷ್ಟವಾಗಿದೆ. ಹಳದಿ ಅಥವಾ ಕೆಂಪು ದೀಪವಿದ್ದಾಗ ಮೋಟಾರು ವಾಹನ, ಬೈಕೂ ಸೇರಿ, ಮೊದಲು ಸಿಗುವ ಗೆರೆಯಲ್ಲೇ ನಿಲ್ಲಬೇಕು. ತಪ್ಪಿದರೆ ನೂರು ಪೌಂಡ್ ದಂಡ, ಲೈಸೆನ್ಸಿನ ಮೇಲೆ ಮೂರು ಅಂಕ. ಮೂರು ವರ್ಷದೊಳಗೆ ಅಂಥ ಹನ್ನೆರಡು ಅಂಕಗಳಾದರೆ ಲೈಸೆನ್ಸಿಗೇ ಕುತ್ತು. ಆದರೆ ಅದೇ ನಿಯಮದಲ್ಲಿ ಇನ್ನೊಂದು ಮಾತೂ ಇದೆ: ಮೊದಲ ಗೆರೆ ದಾಟಿದ ಮೇಲೆ ಕೆಂಪು ಬಿದ್ದರೆ ಎರಡನೇ ಗೆರೆಯಲ್ಲಿ ನಿಲ್ಲಬೇಕು. ಅಂದರೆ ಚೌಕದಲ್ಲಿ ನಿಂತ ಕಾರುಗಳೆಲ್ಲ ತಪ್ಪಿತಸ್ಥರಲ್ಲ. ಹಸಿರಿನಲ್ಲಿ ಹೊರಟು, ಮುಂದೆ ದಟ್ಟಣೆಯಿಂದ ಸಿಕ್ಕಿಹಾಕಿಕೊಂಡವರೂ ಇರುತ್ತಾರೆ. ಹೀಗಾಗಿ ನಿಂತ ಕಾರಿನ ಫೋಟೊ ಒಂದರಿಂದ ಏನೂ ಸಾಬೀತಾಗುವುದಿಲ್ಲ; ಅದು ಗೆರೆ ದಾಟಿದ ಕ್ಷಣದಲ್ಲಿ ದೀಪ ಯಾವ ಬಣ್ಣದ್ದಾಗಿತ್ತು ಎಂಬುದೂ ಬೇಕು. ಮುಂದೆ ಜಾಗವಿಲ್ಲದಾಗ ಹಸಿರಿದ್ದರೂ ಚೌಕಕ್ಕೆ ಇಳಿಯಬಾರದು ಎಂದು ಅವರ ಕೈಪಿಡಿ ಹೇಳುತ್ತದೆ, ಆದರೆ ಅದು ಸಲಹೆ ಮಾತ್ರ. ನನ್ನನ್ನು ಕೇಳಿದರೆ ಆ ಸಲಹೆಯೇ ನಿಯಮವಾಗಬೇಕಿತ್ತು.

ಚೌಕದ ಮಿತಿಯನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಕೆಂಪು ದೀಪ ಇರುವಷ್ಟು ಹೊತ್ತು ಮಾತ್ರ ಅದರ ಉಪಯೋಗ. ಹಸಿರಿನಲ್ಲಿ ವಾಹನಗಳೂ ಸೈಕಲ್ಲೂ ಒಟ್ಟಿಗೆ ಓಡುತ್ತಿರುವಾಗ ಬಣ್ಣ ಯಾರನ್ನೂ ಕಾಯುವುದಿಲ್ಲ. ಪೋರ್ಟ್‌ಲ್ಯಾಂಡ್‌ನಲ್ಲಿ ಕೆಲವು ಚೌಕಗಳ ಬಳಿ ತಿರುವಿನ ಡಿಕ್ಕಿಗಳು ಹೆಚ್ಚೇ ಆದವು ಎಂದು ನಗರಾಡಳಿತವೇ 2012ರಲ್ಲಿ ತಿಳಿಸಿತು. ಪ್ರತ್ಯೇಕ ಸೈಕಲ್ ದಾರಿ, ಸೈಕಲ್ಲಿಗೆ ಕೆಲವು ಸೆಕೆಂಡು ಮೊದಲೇ ಹಸಿರಾಗುವ ದೀಪ, ಇವೆರಡೂ ಚೌಕಕ್ಕಿಂತ ಮೇಲು. ಆದರೆ ಅವಕ್ಕೆ ರಸ್ತೆ ಅಗೆಯಬೇಕು, ದೊಡ್ಡ ಹಣ ಬೇಕು. ಚೌಕಕ್ಕೆ ಬೇಕಾಗುವುದು ಒಂದು ರಾತ್ರಿಯ ಕೆಲಸ, ಒಂದಿಷ್ಟು ಬಣ್ಣ.

ಇನ್ನು ನಮ್ಮ ಊರಿಗೆ ಬರುತ್ತೇನೆ. ಈಗ ಸೈಕಲ್ ಯಾರು ತುಳಿಯುತ್ತಾರೆ ಎಂದು ನನ್ನ ಗೆಳೆಯರೇ ಕೇಳುತ್ತಾರೆ. ಸಂಜೆ ಆರರ ನಂತರ ಹುಮನಾಬಾದ್ ಬೇಸ್ ಹತ್ತಿರ ಅರ್ಧ ಗಂಟೆ ನಿಲ್ಲಿ. ಕಪನೂರು ಕೈಗಾರಿಕಾ ಪ್ರದೇಶದಿಂದ, ದಾಲ್ ಮಿಲ್‌ಗಳಿಂದ ಮನೆಗೆ ಹೊರಟವರನ್ನು ನೋಡಿ, ಹುಬ್ಬಿನ ಮೇಲೆ ಇನ್ನೂ ಬೇಳೆಯ ಧೂಳಿರುತ್ತದೆ. ಬೆಳಿಗ್ಗೆ ಐದೂವರೆಗೆ ಪತ್ರಿಕೆ ಹಾಕುವ ಹುಡುಗರು, ಏಳಕ್ಕೆ ಹಾಲಿನವರು, ಒಂಬತ್ತಕ್ಕೆ ಶಾಲೆಯ ಮಕ್ಕಳು. 2011ರ ಜನಗಣತಿಯ ಪ್ರಕಾರ ದೇಶದ ನೂರು ಮನೆಗಳಲ್ಲಿ ಸುಮಾರು ನಲವತ್ತೈದರಲ್ಲಿ ಸೈಕಲ್ ಇತ್ತು, ಮೋಟಾರು ಬೈಕು ಇದ್ದದ್ದು ಇಪ್ಪತ್ತೊಂದರಲ್ಲಿ. ನಮ್ಮ ರಾಜ್ಯವೇ 2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಟ್ಟಿತು. ಹಳ್ಳಿಯ ಎಷ್ಟೋ ಹೆಣ್ಣುಮಕ್ಕಳು ಅದರಿಂದಲೇ ಹೈಸ್ಕೂಲು ಮುಗಿಸಿದರು. ಸೈಕಲ್ ಕೊಟ್ಟೆವು, ಅದು ನಿಲ್ಲುವ ಜಾಗವನ್ನು ಕೊಡಲಿಲ್ಲ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಜನ ಸೈಕಲ್ಲಿನ ಮೇಲಿದ್ದವರು.

ನಮ್ಮ ಸಿಗ್ನಲ್‌ಗಳಲ್ಲಿ ಏನು ನಡೆಯುತ್ತದೆ ಎಂಬುದು ನಿಮಗೆಲ್ಲ ಗೊತ್ತು. ಮೊದಲು ಕಾರು ಗೆರೆಯ ಮೇಲೆ ನಿಲ್ಲುತ್ತದೆ. ಆಟೋ ಗೆರೆ ದಾಟಿ ಜೀಬ್ರಾ ಪಟ್ಟಿಯ ಮೇಲೆ. ಬೈಕುಗಳು ಅದನ್ನೂ ದಾಟಿ, ಎದುರಿನ ದೀಪವನ್ನು ಕತ್ತೆತ್ತಿ ನೋಡಬೇಕಾದಷ್ಟು ಮುಂದೆ. ಕೊನೆಯಲ್ಲಿ ಬರುವ ಸೈಕಲ್ಲಿನವರು ಎಲ್ಲರ ಎಡಗಡೆಯ ಸಂದಿಯಲ್ಲಿ, ಬಸ್ಸಿನ ಬಾಗಿಲ ಬುಡದಲ್ಲಿ. ಮೂರು ವರ್ಷದ ಹಿಂದೆ ಅಂಥದೇ ಒಂದು ಸಂದಿಯಲ್ಲಿ ನಾನಿದ್ದೆ. ಪಕ್ಕದ ಲಾರಿ ಹೊರಟಾಗ ಅದರ ಮೆಟ್ಟಿಲಿನ ಕಬ್ಬಿಣ ನನ್ನ ಮೊಣಕೈಯನ್ನು ಸವರಿಕೊಂಡು ಹೋಯಿತು. ಅದರ ಕ್ಲೀನರ್ ಹುಡುಗ ಬಾಗಿಲಿಗೆ ಎರಡು ಸಲ ಬಲವಾಗಿ ಬಡಿದ, ಲಾರಿ ನಿಂತಿತು. ಆ ಎರಡು ಬಡಿತಗಳ ಸದ್ದು ನನಗೆ ಇಂದಿಗೂ ಕಿವಿಯಲ್ಲಿದೆ. ಗಂಜಿನಲ್ಲಿ ಲಾರಿ ಹತ್ತಿದ್ದಕ್ಕೆ ಅದೇ ಕಾರಣ.

ಎಣಿಕೆಯ ಗಡಿಯಾರ ಇರುವ ಸಿಗ್ನಲ್‌ಗಳಲ್ಲಿ ಇನ್ನೊಂದು ತೊಂದರೆ. ಐದು, ನಾಲ್ಕು ಎನ್ನುವಾಗಲೇ ಬೈಕುಗಳು ಗುರುಗುಟ್ಟುತ್ತವೆ, ಎರಡು ಎನ್ನುವಾಗ ಹೊರಟಿರುತ್ತವೆ. ಸೈಕಲ್ಲಿನವನಿಗೆ ಸಿಗಬೇಕಾದ ಆ ಎರಡು ಮೂರು ಸೆಕೆಂಡುಗಳನ್ನು ಗಡಿಯಾರವೇ ಬೇರೆಯವರಿಗೆ ಕೊಟ್ಟಂತಾಗುತ್ತದೆ.

ಬಿಸಿಲಿನ ಬಗ್ಗೆ ಇಲ್ಲಿ ಹೇಳಲೇಬೇಕು, ಏಕೆಂದರೆ ಆಕ್ಸ್‌ಫರ್ಡ್‌ನವರಿಗೆ ಈ ಕಷ್ಟ ಇಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತವೆ. ನಲವತ್ತೆರಡು ಡಿಗ್ರಿ ಬಿಸಿಲಿನಲ್ಲಿ ಎಲ್ಲರೂ ಒಮ್ಮೆಗೇ ರಸ್ತೆಗೆ ಬರುತ್ತಾರೆ. ಆಗ ಜನ ಗೆರೆ ನೋಡಿ ನಿಲ್ಲುವುದಿಲ್ಲ, ನೆರಳು ನೋಡಿ ನಿಲ್ಲುತ್ತಾರೆ. ಜಾಹೀರಾತು ಹಲಗೆಯ ನೆರಳು ಗೆರೆಯಿಂದ ಆರು ಮೀಟರ್ ಆಚೆ ಬಿದ್ದಿದ್ದರೆ ಅಲ್ಲಿಯವರೆಗೂ ತಳ್ಳಿಕೊಂಡು ಹೋಗುತ್ತಾರೆ. ಇದನ್ನು ದುರಹಂಕಾರ ಎಂದು ಬಯ್ಯಲು ನನಗೆ ಮನಸ್ಸಾಗುವುದಿಲ್ಲ. ಬೇಸಿಗೆಯಲ್ಲಿ ಸಿಗ್ನಲ್‌ಗಳಲ್ಲಿ ಹಸಿರು ಬಲೆಯ ಚಪ್ಪರ ಹಾಕುವುದನ್ನು ಕೆಲವು ಊರುಗಳು ಮಾಡಿವೆ. ಆ ಚಪ್ಪರವನ್ನು ಹಿಂದಿನ ಗೆರೆಯ ಮೇಲೆ ಹಾಕಿದರೆ, ಪೊಲೀಸರು ಸೀಟಿ ಊದುವ ಮೊದಲೇ ವಾಹನಗಳು ಅಲ್ಲಿ ನಿಲ್ಲುತ್ತವೆ. ಮುಂದಿನ ಚೌಕಕ್ಕೂ ಒಂದು ತುಂಡು ನೆರಳು ಇರಲಿ, ಬಿಸಿಲು ಹೆಚ್ಚು ತಾಗುವುದು ಸೈಕಲ್ಲಿನವರಿಗೇ.

ಕಾನೂನು ನಮ್ಮಲ್ಲೂ ಇದೆ. ಕೆಂಪು ದೀಪ ಇದ್ದಾಗ ವಾಹನದ ಯಾವ ಭಾಗವೂ ನಿಲುಗಡೆ ಗೆರೆಯ ಆಚೆ ಚಾಚಬಾರದು ಎಂಬುದು 1989ರ ರಸ್ತೆ ನಿಯಮಗಳಲ್ಲೇ ಇತ್ತು. 2017ರಲ್ಲಿ ಅವುಗಳ ಜಾಗಕ್ಕೆ ಚಾಲನಾ ನಿಯಮಗಳು ಬಂದವು. ಬೆಂಗಳೂರಿನಲ್ಲಿ 2022ರ ಕೊನೆಯಲ್ಲಿ ಕ್ಯಾಮೆರಾಗಳನ್ನು ಹಾಕಿದಾಗ ಹಿಡಿದ ತಪ್ಪುಗಳಲ್ಲಿ ಗೆರೆ ದಾಟುವುದೂ ಒಂದು. 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ, ರಸ್ತೆಯ ಜಾಗವನ್ನು ಹಂಚುವಾಗ ವಾಹನಗಳಿಗಿಂತ ಜನರನ್ನು ಮುಂದಿಟ್ಟುಕೊಳ್ಳಬೇಕು ಎಂದಿತು. ಕಾಗದದಲ್ಲಿ ನಮಗೆ ಕೊರತೆಯಿಲ್ಲ. ಗೆರೆಯೇ ಕಾಣುವುದಿಲ್ಲ, ಅದು ಕೊರತೆ. ನಮ್ಮ ಎರೆಮಣ್ಣಿನ ಧೂಳು ಮಳೆಗಾಲದಲ್ಲಿ ಟೈರಿಗೆ ಅಂಟಿ ಬಂದು ಬಿಳಿ ಬಣ್ಣವನ್ನು ಒಂದೇ ವರ್ಷದಲ್ಲಿ ನುಂಗುತ್ತದೆ. ಸಾಧಾರಣ ಪೇಂಟ್ ಸಾಲದು. ಕಾಯಿಸಿ ಹಾಕುವ, ಗಾಜಿನ ಮಣಿ ಬೆರೆಸಿದ ಥರ್ಮೋಪ್ಲಾಸ್ಟಿಕ್ ಬಣ್ಣವೇ ಬೇಕು.

ಇಡೀ ನಗರಕ್ಕೆ ಒಮ್ಮೆಗೇ ಚೌಕ ಬರೆಯಿರಿ ಎಂದು ನಾನು ಕೇಳುತ್ತಿಲ್ಲ. ಶಾಲೆಗಳ ಹತ್ತಿರದ ಒಂದು ಕೂಡುರಸ್ತೆ ಸಾಕು. ಹಿಂದಿನ ಗೆರೆಯನ್ನು ಈಗಿನದಕ್ಕಿಂತ ಐದು ಮೀಟರ್ ಹಿಂದೆ ಎಳೆಯಿರಿ. ನಡುವೆ ಸೈಕಲ್ ಚಿತ್ರ ಬರೆಯಿರಿ. ಮೊದಲ ತಿಂಗಳು ದಂಡ ಬೇಡ, ಒಬ್ಬ ಸಿಬ್ಬಂದಿ ನಿಂತು ವಾಹನಗಳನ್ನು ಹಿಂದಕ್ಕೆ ಕಳುಹಿಸಲಿ. ಎರಡನೇ ತಿಂಗಳಿಂದ ದಂಡ ಹಾಕಲಿ. ಬೇಸಿಗೆ ರಜೆ ಮುಗಿದು ಶಾಲೆ ತೆರೆಯುವ ಮೊದಲು ಬಣ್ಣ ಒಣಗಿರಬೇಕು. ಶರಣಬಸವೇಶ್ವರರ ದಾಸೋಹದ ಪಂಕ್ತಿಯಲ್ಲಿ ಕುಳಿತು ಉಂಡವರು ನಾವು. ಮಗುವಿಗೆಂದು ಹಾಸಿದ ಎಲೆಯ ಮುಂದೆ ಅಲ್ಲಿ ಯಾವ ದೊಡ್ಡವರೂ ಬಂದು ಕೂರುವುದಿಲ್ಲ. ರಸ್ತೆಯಲ್ಲಿ ಅದು ಆಗದು ಎಂದು ನಾನು ನಂಬುವುದಿಲ್ಲ.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಬರೆಯುತ್ತೇನೆ.

ಹಿರಿಯ ವಕೀಲರೊಬ್ಬರು, ನಮ್ಮಲ್ಲಿ ವಾಹನಗಳ ಮುಕ್ಕಾಲು ಪಾಲು ದ್ವಿಚಕ್ರಗಳೇ, ಅವನ್ನೂ ಚೌಕದೊಳಗೆ ಬಿಟ್ಟರೇನು ಎಂದು ಕೇಳಿದರು. ತೈವಾನ್‌ನಲ್ಲಿ ಬೈಕು, ಸ್ಕೂಟರುಗಳಿಗೆ ಕಾರುಗಳ ಮುಂದೆ ಪ್ರತ್ಯೇಕ ಚೌಕವಿದೆ ಎಂಬುದು ನಿಜ. ಲಾರಿಯ ಕಣ್ಣಿಗೆ ಬೀಳದ ಕಷ್ಟ ಬೈಕಿನವರಿಗೂ ಇರುವುದರಿಂದ ಅದರಲ್ಲಿ ನ್ಯಾಯವೂ ಇದೆ. ಆದರೆ ಸೈಕಲ್ಲನ್ನೂ ಬೈಕನ್ನೂ ಒಂದೇ ಚೌಕದಲ್ಲಿ ಬೆರೆಸಿದರೆ ಅದು ಮೊದಲ ವಾರದಲ್ಲೇ ಬೈಕಿನ ಚೌಕವಾಗುತ್ತದೆ, ಸೈಕಲ್ ಮತ್ತೆ ಸಂದಿಗೆ ಹೋಗುತ್ತದೆ. ರಸ್ತೆ ಅಗಲವಿದ್ದರೆ ಬೈಕಿಗೆ ಬೇರೆ ಗೆರೆ ಕೊಡಲಿ, ಸೈಕಲ್ಲಿನ ಹಿಂದೆ. ಜಾಗ ಒಂದಕ್ಕೇ ಇದೆ ಎಂದಾದರೆ ಅದು ಎಂಜಿನ್ ಇಲ್ಲದವರಿಗೆ ಸಿಗಲಿ ಎಂದೆ. ವಕೀಲರು ಪೂರ್ತಿ ಒಪ್ಪಲಿಲ್ಲ.

ಪಿಯುಸಿ ಓದುವ ಹುಡುಗಿಯೊಬ್ಬಳು ಎದ್ದು, "ಚೌಕ ಬರುವವರೆಗೆ ನಾನು ಎಲ್ಲಿ ನಿಲ್ಲಬೇಕು ಸರ್?" ಎಂದಳು. ಇಡೀ ಸಭೆಯಲ್ಲಿ ನನಗೆ ಅತ್ಯಂತ ಮುಖ್ಯವೆನಿಸಿದ ಪ್ರಶ್ನೆ ಅದು. ಲಾರಿ, ಬಸ್ಸಿನ ಎಡಗಡೆಯ ಸಂದಿಗೆ ಹೋಗಬೇಡ, ಅದು ಖಾಲಿ ಇದ್ದರೂ ಹೋಗಬೇಡ ಎಂದೆ. ಅದರ ಹಿಂದೆ, ಕಾರಿನ ಮುಂದೆ, ದಾರಿಯ ನಡುವಿನಲ್ಲೇ ನಿಲ್ಲು. ಯಾರಾದರೂ ಹಾರ್ನ್ ಹೊಡೆದರೆ ಹೊಡೆಯಲಿ, ಹಾರ್ನ್ ಹೊಡೆದವನು ನಿನ್ನನ್ನು ನೋಡಿದ್ದಾನೆ ಎಂದು ಅರ್ಥ. ಗಂಜಿನ ಚಾಲಕರು ಅಂದು ಹೊರಡುವಾಗ ಗಾಜು ಇಳಿಸಿ ಆ ಹುಡುಗನಿಗೆ ಹೇಳಿದ ಮಾತನ್ನೂ ಅವಳಿಗೆ ಹೇಳಿದೆ: "ನನ್ನ ಮುಖ ನಿನಗೆ ಕಂಡರೆ ನೀನು ನನಗೆ ಕಾಣುತ್ತೀ ತಮ್ಮಾ. ಕಾಣದಿದ್ದರೆ ಅಲ್ಲಿಂದ ಸರಿ." ಹುಡುಗ ನಾಲ್ಕು ಹೆಜ್ಜೆ ಮುಂದೆ ಹೋಗಿ ತಿರುಗಿ ನೋಡಿದ, ಚಾಲಕರು ಕೈ ಎತ್ತಿದರು. ಆಮೇಲೆ ಅವನು ಖಾಲಿ ಬುತ್ತಿಯನ್ನು ಹ್ಯಾಂಡಲ್ಲಿಗೆ ತೂಗುಹಾಕಿಕೊಂಡು ಹುಮನಾಬಾದ್ ಬೇಸ್ ಕಡೆಗೆ ಹೊರಟ.